ಈ ಏಡಿಯನ್ನು ಬೇಯಿಸಿದ್ದು ಯಾರು?

ಮಕ್ಕಳ ಚಿತ್ರಪುಸ್ತಕ ಮಾಡುವುದಕ್ಕೆ ನನಗಿದ್ದ ಅರ್ಹತೆ ಒಂದೇ: ಮಸಾಲೆ ದೋಸೆ ಎಷ್ಟು ರುಚಿಯಿದೆಯೋ ಅದಕ್ಕಿಂತ ಹೆಚ್ಚು ರುಚಿಯಾಗಿ ಕಾಣುವಂತೆ ಮಾಡಲು ನನಗೆ ಬರುತ್ತಿತ್ತು. ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ, ಮೊದಲ ಮಹಡಿಯಲ್ಲಿ, ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಎರಡು ಕುರ್ಚಿಗಳ ಡಿಟಿಪಿ ಅಂಗಡಿ ನನ್ನದು. ಠಾಣೆಯಿಂದ ಕಲ್ಯಾಣದವರೆಗೆ ನಮ್ಮೂರಿನವರ ಹೋಟೆಲುಗಳ ಮೆನು ಕಾರ್ಡುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ತಯಾರಾಗುತ್ತಿದ್ದವು. ಯಾವ ಫೋಟೋ ಬಂದರೂ ಮೊದಲು ಕೆಂಪು ಸ್ವಲ್ಪ ಏರಿಸಬೇಕು, ಹಳದಿ ಸ್ವಲ್ಪ ಏರಿಸಬೇಕು. ಆಗ ಸಾಂಬಾರು ಬಿಸಿಯಾಗಿ ಕಾಣುತ್ತದೆ, ಉಪ್ಪಿಟ್ಟಿಗೂ ಜೀವ ಬರುತ್ತದೆ. ಕೈಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ ಒಮ್ಮೆ ನನ್ನ ಪಾಸ್‌ಪೋರ್ಟ್ ಫೋಟೋಗೂ ಹಾಗೆಯೇ ಮಾಡಿ, ಜ್ವರ ಬಂದವಳಂತೆ ಕಾಣಿಸಿಕೊಂಡಿದ್ದೆ.

ಮೀನಿನ ಹೋಟೆಲುಗಳ ಕಾರ್ಡುಗಳನ್ನೂ ಮಾಡುತ್ತಿದ್ದೆ. ಅಪ್ಪ ಉಡುಪಿಯಿಂದ ಬಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರಾಗಿಯೇ ನಿವೃತ್ತರಾದವರು. ನಮ್ಮ ಮನೆಯೊಳಗೆ ಒಂದು ಸಿಗಡಿಯೂ ಕಾಲಿಟ್ಟಿಲ್ಲ. ಬಂಗುಡೆ, ಕಾಣೆ, ಏಡಿ ಎಲ್ಲವೂ ನನಗೆ ಪರಿಚಯವಾದದ್ದು ಫೋಟೋ ಸಿಡಿಗಳ ಮೂಲಕ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಅನಾಹುತಕ್ಕೆಲ್ಲ ಬೇರು ಇಲ್ಲಿಯೇ ಇದೆ.

ಎರಡು ಸಾವಿರದ ಹತ್ತರ ಆಸುಪಾಸಿನ ಒಂದು ಫೆಬ್ರವರಿಯಲ್ಲಿ ಠಾಣೆ ಪೂರ್ವದ ಕೋಪರಿಯಿಂದ ಒಬ್ಬ ಟೀಚರು ಅಂಗಡಿಗೆ ಬಂದರು. ಧಾರವಾಡ ಕಡೆಯವರು, ಕೋಪರಿಯಲ್ಲಿ ಕನ್ನಡ ಬಾಲವಾಡಿ ನಡೆಸುತ್ತಿದ್ದರು. ಬಂದದ್ದು ಅಕ್ಷರಮಾಲೆಯ ಚಾರ್ಟಿಗಾಗಿ. ಆದರೆ ನನ್ನ ಮೇಜಿನ ಮೇಲೆ ಹರಡಿದ್ದ ಹಳೆಯ ಮೆನು ಪ್ರೂಫುಗಳ ಬೆನ್ನಿನಲ್ಲಿ ನಾನು ಗೀಚಿದ್ದ ಬೆಳ್ಳಕ್ಕಿಗಳ ಮೇಲೆ ಅವರ ಕಣ್ಣು ಬಿತ್ತು. ಲೋಕಲ್ ಟ್ರೇನಿನ ಕಿಟಕಿಯಿಂದ ಖಾಡಿ, ಅಂದರೆ ನಮ್ಮ ಕಡೆಯ ಉಪ್ಪುನೀರಿನ ಹಿನ್ನೀರು, ಕಂಡಾಗಲೆಲ್ಲ ಹೀಗೆ ಗೀಚುವುದು ನನ್ನ ಚಟ. ಟೀಚರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಅವರ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಊರಿನಿಂದ ತರಿಸುವ ಪುಸ್ತಕಗಳಲ್ಲಿ ನವಿಲು, ಜಿಂಕೆ, ಬೆಟ್ಟದ ತೊರೆ; ಮಕ್ಕಳು ಅವನ್ನು ಟಿವಿ ನೋಡಿದಂತೆ ನೋಡಿ ಪಕ್ಕಕ್ಕಿಡುತ್ತವೆ. ಮನೆಯ ಹಿಂದಿನ ಖಾಡಿಯಲ್ಲಿ ಇರುವುದನ್ನೇ ಒಂದು ಪುಸ್ತಕ ಮಾಡಿಕೊಡುತ್ತೀರಾ ಎಂದು ಕೇಳಿದರು. ಬಾಲವಾಡಿಯ ಟ್ರಸ್ಟಿಯಾಗಿದ್ದ ಹೋಟೆಲ್ ಮಾಲೀಕರು ಮುದ್ರಣ ನೋಡಿಕೊಳ್ಳುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆಯುವ ದಿನ ಕೋಪರಿ, ಡೊಂಬಿವಲಿ, ಕಾಮೋಠೆ, ಮೂರು ಕಡೆಯ ಬಾಲವಾಡಿಯ ಮಕ್ಕಳ ಕೈಗೂ ಒಂದೊಂದು ಪ್ರತಿ ಹೋಗಬೇಕು.

ನಾನು ಆ ಸಂಜೆ ಮನೆಯಿರುವ ಡೊಂಬಿವಲಿಯಲ್ಲಿ ಇಳಿಯುವುದನ್ನೇ ಮರೆತು ದಿವಾದವರೆಗೆ ಹೋದೆ. ಅಷ್ಟು ಖುಷಿ. ಮೆನು ಕಾರ್ಡಿನಲ್ಲಿ ಅಡುಗೆಯವನ ಹೆಸರೂ ಇರುವುದಿಲ್ಲ, ಕಾರ್ಡು ಮಾಡಿದವಳ ಹೆಸರೂ ಇರುವುದಿಲ್ಲ. ಸಾರು ಚೆಲ್ಲಿದ ಮೇಲೆ ಅದನ್ನು ಎಸೆದು ಹೊಸದು ಮಾಡಿಸುತ್ತಾರೆ. ನನ್ನ ಹೆಸರಿರುವ ಒಂದು ಪುಸ್ತಕ, ಒಂದು ಮಗು ಹಾಸಿಗೆಗೂ ಎತ್ತಿಕೊಂಡು ಹೋಗುವಂಥ ಪುಸ್ತಕ, ಒಂದು ಸಲವಾದರೂ ಮಾಡಬೇಕೆಂಬ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ನಲವತ್ತರ ಹತ್ತಿರ ಬಂದಾಗಿತ್ತು. ಇದು ಕೈತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಗೊತ್ತಿತ್ತು.

ಮೊದಲ ಡಮ್ಮಿಯನ್ನು ಒಂದೇ ವಾರದಲ್ಲಿ ಮುಗಿಸಿದೆ. ಡಮ್ಮಿ ಎಂದರೆ ಹಾಳೆಗಳನ್ನು ಮಡಿಸಿ, ಮಧ್ಯೆ ಪಿನ್ ಹೊಡೆದು, ಪೆನ್ಸಿಲಿನಲ್ಲಿ ಚಿತ್ರ ಬರೆದ ಮಾದರಿ ಪುಸ್ತಕ. ಇಪ್ಪತ್ತನಾಲ್ಕು ಪುಟ, ಎಂಟಿಂಚಿನ ಚೌಕ. ಪ್ರತಿ ಪುಟದಲ್ಲೂ ಆರಾರು ಚಿತ್ರ, ಸಾಲಾಗಿ, ಕೆಳಗೆ ಹೆಸರು: ಬೆಳ್ಳಕ್ಕಿ, ಮಿಂಚುಳ್ಳಿ, ಏಡಿ, ಬಸವನಹುಳು, ಹೀಗೆ. ಟೀಚರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿ, ಮುಖದಲ್ಲಿ ನಗು ತಡೆದುಕೊಂಡು ಕೇಳಿದರು.

"ಅಲ್ರೀ, ಇದರಾಗ ಆರ್ಡರ್ ಎಲ್ಲೆ ಕೊಡಬೇಕು?"

ಬೆನ್ನುಪುಟದ ಮೂಲೆಯಲ್ಲಿ ಶುದ್ಧ ಸಸ್ಯಾಹಾರಿಯ ಹಸಿರು ಚುಕ್ಕಿಯೂ ಕೂತಿತ್ತು. ಹಳೆಯ ಮೆನು ಫೈಲಿನಲ್ಲೇ ಪುಟದ ಚೌಕಟ್ಟು ಕಟ್ಟಿ, ಪ್ರಿಂಟ್ ತೆಗೆದು ಅದರ ಮೇಲೆ ಚಿತ್ರ ಬರೆದಿದ್ದೆ, ಚುಕ್ಕಿಯನ್ನು ಅಳಿಸಲು ಮರೆತಿದ್ದೆ. ಟೀಚರು ಅದನ್ನೂ ಬೆರಳಿಟ್ಟು ತೋರಿಸಿದರು. ಆಮೇಲೆ ನಗು ಬಿಟ್ಟು ವಿವರಿಸಿದರು: "ಹುಡುಗರು ಹಾಳಿ ತಿರುವೋದು ಯಾಕ? ಮುಂದ ಏನದ ಅಂತ ನೋಡಲಿಕ್ಕೆ. ನೀವು ಎಲ್ಲಾ ಮೊದಲ ಬಡಿಸಿಬಿಟ್ಟೀರಿ." ಹೋಟೆಲಿನಲ್ಲಿ ಗಿರಾಕಿ ಕೂತ ಕೂಡಲೇ ಎಲ್ಲವೂ ಕಣ್ಣಿಗೆ ಬೀಳಬೇಕು. ಪುಸ್ತಕದಲ್ಲಿ ಮುಚ್ಚಿಡುವುದೇ ಕೆಲಸ. ಈ ಮಾತು ನನ್ನ ತಲೆಗೆ ಹೋಗುವುದಕ್ಕೆ ಮೂರು ಡಮ್ಮಿ ಬೇಕಾದವು.

ನಾಲ್ಕನೆಯ ಡಮ್ಮಿಗೆ ಟೀಚರು ಸೈ ಎಂದರು. ಮುಖಪುಟದಾಚೆ ಶೀರ್ಷಿಕೆ ಪುಟ, ಕೊನೆಯಲ್ಲಿ ವಿವರದ ಪುಟ ಬಿಟ್ಟರೆ ಒಳಗೆ ಹನ್ನೊಂದು ಜೋಡಿಪುಟ. ಪ್ರತಿ ಜೋಡಿಪುಟಕ್ಕೆ ಒಂದೇ ಚಿತ್ರ, ಒಂದೇ ಸಾಲು. ಕಥೆ ಇಷ್ಟೇ: ಒಂದು ಪುಟ್ಟ ಏಡಿ ಗೆಳೆಯರನ್ನು ಹುಡುಕಿಕೊಂಡು ಖಾಡಿಯ ಉದ್ದಕ್ಕೂ ನಡೆಯುತ್ತದೆ, ಬೆಳ್ಳಕ್ಕಿಯನ್ನು, ಬಸವನಹುಳುವನ್ನು ಕಾಣುತ್ತದೆ, ಕೊನೆಗೆ ಚಂದ್ರನ ಕೆಳಗೆ ಮಲಗುತ್ತದೆ. ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಅಂಗಡಿಯ ಕೆಲಸ ಮುಗಿಸಿ, ಭಾನುವಾರಗಳನ್ನೆಲ್ಲ ಕೊಟ್ಟು ಹನ್ನೊಂದು ಚಿತ್ರ ಬರೆದೆ. ಏಡಿಯ ಮುಖ ಮಧ್ಯದ ಮಡಿಕೆಗೆ ಬೀಳದಂತೆ ನೋಡಿಕೊಂಡೆ. ಸ್ಕ್ಯಾನ್ ಮಾಡಿ, ಕೈ ತನ್ನ ಪಾಡಿಗೆ ತಾನು ಕೆಂಪು ಏರಿಸಿತು, ಹಳದಿ ಏರಿಸಿತು. ಆ ಏಡಿ ಹೇಗೆ ಹೊಳೆಯುತ್ತಿತ್ತೆಂದರೆ, ಅಂಗಡಿಗೆ ಬಂದವರೆಲ್ಲ ಅದರ ಮುಂದೆ ನಿಂತು ಹೋಗುತ್ತಿದ್ದರು. ಟೀಚರಿಗೂ ಬಹಳ ಹಿಡಿಸಿತು. ಹೋಟೆಲ್ ಮಾಲೀಕರೂ ನೋಡಿ, ಚಂದ ಉಂಟು, ಮುಂದುವರಿಸಿ ಎಂದರು.

ಪ್ರೆಸ್ಸು ಇದ್ದದ್ದು ತುರ್ಭೆಯಲ್ಲಿ. ಅಲ್ಲಿಯ ಮ್ಯಾನೇಜರು ನಮಗೆ ಜೂನ್ ಮೊದಲ ವಾರದ ಒಂದು ಗುರುವಾರವನ್ನು ಕೊಟ್ಟಿದ್ದರು. ಅದು ತಪ್ಪಿದರೆ ಮಶಿನ್ನಿನ ಮೇಲೆ ಶಾಲೆಯ ನೋಟ್‌ಬುಕ್ಕು, ಡೈರಿಗಳು ಏರುತ್ತವೆ, ಜುಲೈ ತನಕ ನಮ್ಮ ಕಡೆ ತಿರುಗಿ ನೋಡುವವರಿಲ್ಲ. ಆ ಗುರುವಾರಕ್ಕೆ ಸರಿಯಾಗಿ ಹನ್ನೆರಡು ದಿನ ಮೊದಲು, ಅಚ್ಚಿನ ಪ್ಲೇಟಿಗೆ ಬೇಕಾದ ಫಿಲ್ಮು ತೆಗೆಯಲು ಸಿಡಿಯನ್ನು ಪ್ರೆಸ್ಸಿಗೆ ಕೊಟ್ಟಾದ ಮೇಲೆ, ಶನಿವಾರ ಬೆಳಿಗ್ಗೆ ಬಾಲವಾಡಿಯ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಒಮ್ಮೆ ಓದಿ ತೋರಿಸೋಣ ಎಂದು ಟೀಚರು ಕರೆದರು. ಪರೀಕ್ಷೆಗೆಂದಲ್ಲ, ಸಂಭ್ರಮಕ್ಕೆ. ಬಣ್ಣದ ಪ್ರಿಂಟುಗಳನ್ನು ಹೊಲಿದು ಒಂದು ಪ್ರತಿ ಮಾಡಿಕೊಂಡು, ಹೊಸ ಸೀರೆ ಉಟ್ಟುಕೊಂಡು ಹೋದೆ.

ಹದಿನೈದು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಟೀಚರು ಮೊದಲ ಜೋಡಿಪುಟ ತೆರೆದು ಹಿಡಿದರು. ಮುಂದಿನ ಸಾಲಿನಲ್ಲಿ ನಾಲ್ಕು ವರ್ಷದ ಒಬ್ಬಳು ಹುಡುಗಿ, ಎರಡು ಜುಟ್ಟು, ಮೊಣಕಾಲ ಮೇಲೆ ಬಂದು ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ನೋಡಿದಳು. ಆಮೇಲೆ ಟೀಚರ ಮುಖ ನೋಡಿ, ತುಂಬ ಸಹಜವಾಗಿ ಕೇಳಿದಳು.

"ಇಸ್ಕೋ ಕಿಸ್ನೆ ಪಕಾಯಾ?"

ಇದನ್ನು ಬೇಯಿಸಿದ್ದು ಯಾರು ಎಂದು. ಟೀಚರಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಏಡಿ ವಾಕಿಂಗ್ ಹೊರಟಿದೆ ಪುಟ್ಟೀ ಎಂದೆ ನಾನು. ಅವಳು ನನ್ನ ಕಡೆ ಕನಿಕರದಿಂದ ನೋಡಿ, ಅದು ಸತ್ತುಹೋಗಿದೆ ಎಂದು ಹಿಂದಿಯಲ್ಲಿಯೇ ತಿಳಿಸಿದಳು. ಪಕ್ಕದವನು ಹೌದೆಂದು ತಲೆ ಆಡಿಸಿದ. ಇನ್ನೊಬ್ಬಳು, ತಮ್ಮ ಮನೆಯಲ್ಲಿ ತೆಂಗಿನಕಾಯಿ ಹಾಕುತ್ತಾರೆ ಎಂದಳು. ಎರಡೇ ನಿಮಿಷದಲ್ಲಿ ಚಾಪೆಯ ಮೇಲೆ ಏಡಿ ಸಾರಿನ ಚರ್ಚೆ ಶುರುವಾಯಿತು. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಕರಾವಳಿಯ ಮೀನು ತಿನ್ನುವ ಮನೆಗಳವರು. ಏಡಿ ಬದುಕಿರುವಾಗ ಕೆಸರಿನ ಬಣ್ಣ, ಬೆಂದ ಮೇಲೆ ಕೆಂಪು ಎನ್ನುವುದು ಅವರಿಗೆ ಅ ಆ ಇ ಈ ಕಲಿಯುವ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರು ಆ ಕೋಣೆಯಲ್ಲಿ ಇಬ್ಬರೇ: ಧಾರವಾಡದ ಟೀಚರು ಮತ್ತು ನಾನು. ಪುಸ್ತಕದಲ್ಲಿ ನನ್ನ ಬೆಂದ ಏಡಿ ಬೆಳ್ಳಕ್ಕಿಯೊಡನೆ ಮಾತಾಡಿತು, ನಡೆಯಿತು, ಕೊನೆಗೆ ಚಂದ್ರನ ಕೆಳಗೆ ಮಲಗಿತು. ಜುಟ್ಟಿನ ಹುಡುಗಿ ಆ ಹೊತ್ತಿಗೆ ಕಿಟಕಿಯ ಕಡೆ ನೋಡುತ್ತಿದ್ದಳು.

ನಗುವುದೋ ಅಳುವುದೋ ತಿಳಿಯಲಿಲ್ಲ. ಹೊರಗೆ ಬಂದು ಹೋಟೆಲ್ ಮಾಲೀಕರಿಗೆ ಫೋನ್ ಮಾಡಿದೆ. ಅವರು ಕುಂದಾಪುರದವರು, ನಡೆಸುವುದು ಶುದ್ಧ ಸಸ್ಯಾಹಾರಿ ಹೋಟೆಲಾದರೂ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೀನು. ನೀವಾದರೂ ಹೇಳಬಾರದಿತ್ತೇ ಎಂದೆ. ಅವರು ಸಮಾಧಾನದಿಂದಲೇ ಉತ್ತರಿಸಿದರು: "ನಾನು ನೋಡಿದ್ದೆ ಅಮ್ಮ. ಕೆಂಪು ಇದ್ರೆ ಮಕ್ಕಳಿಗೆ ಚಂದ ಅಂತ ನೀವು ಗೊತ್ತಿದ್ದೇ ಹಾಗೆ ಮಾಡಿದ್ದು ಅಂತ ಗ್ರಹಿಸಿದೆ."

ಭಾನುವಾರ ಕಂಪ್ಯೂಟರಿನ ಮುಂದೆ ಕೂತೆ. ಕೆಂಪನ್ನು ಆರಿಸಿ ಕಂದು ಮಾಡುವುದು ಒಂದು ಗಂಟೆಯ ಕೆಲಸ ಎಂದುಕೊಂಡಿದ್ದೆ. ಮಾಡಿದೆ. ಈಗ ಅದು ಗ್ರೇವಿಯಲ್ಲಿ ಅದ್ದಿದ ಏಡಿಯಂತೆ ಕಂಡಿತು. ಇನ್ನಷ್ಟು ಬೂದು ಮಾಡಿದೆ, ತಣ್ಣಗಾದ ಗ್ರೇವಿಯಾಯಿತು. ಬಣ್ಣ ಮಾತ್ರ ಅಲ್ಲ, ಇನ್ನೇನೋ ತಪ್ಪಿದೆ ಎಂದು ಹನ್ನೊಂದೂ ಚಿತ್ರಗಳನ್ನು ನೆಲದ ಮೇಲೆ ಹಾಸಿ, ಕುರ್ಚಿ ಹತ್ತಿ ನಿಂತು ನೋಡಿದೆ. ಆಗ ಗೊತ್ತಾಯಿತು. ಹನ್ನೊಂದರಲ್ಲೂ ಏಡಿ ಮೇಲಿನಿಂದ ಕಾಣುತ್ತಿತ್ತು, ಎರಡೂ ಕೊಂಡಿ ಸಮವಾಗಿ ಹರಡಿಕೊಂಡು, ಕಾಲುಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡು. ಅದು ಮೇಜಿನ ಮುಂದೆ ಕೂತ ಗಿರಾಕಿಗೆ ತಟ್ಟೆ ಕಾಣುವ ರೀತಿ. ಹೋಟೆಲುಗಳು ಕೊಟ್ಟ ಸಿಡಿಗಳಲ್ಲಿದ್ದ ಫೋಟೋಗಳೆಲ್ಲ ಹಾಗೇ ಇದ್ದವು. ನಾನು ಎರಡು ತಿಂಗಳು ಒಂದು ಪ್ರಾಣಿಯನ್ನಲ್ಲ, ಒಂದು ಐಟಮ್ಮನ್ನು ಬರೆದಿದ್ದೆ. ನಾಚಿಕೆಯಾಯಿತು.

ನಿಜ ಹೇಳಬೇಕೆಂದರೆ, ಆ ನಾಚಿಕೆಯ ಹಿಂದೆಯೇ ಒಂದು ಪುಳಕವೂ ಎದ್ದಿತು. ಮನೆಯಲ್ಲಿ ನಾವು ಮಾತಾಡುವ ತುಳುವಿನಲ್ಲಿ ಏಡಿಗೆ ಡೆಂಜಿ ಎನ್ನುತ್ತಾರೆ. ಆ ಶಬ್ದ ಹುಟ್ಟಿದಾಗಿನಿಂದ ನನಗೆ ಗೊತ್ತು; ಜೀವಂತ ಡೆಂಜಿಯನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಫೋನ್ ಮಾಡಿ, ಫಿಲ್ಮು ತೆಗೆಯಬೇಡಿ, ಚಿತ್ರಗಳನ್ನೆಲ್ಲ ಹೊಸದಾಗಿ ಬರೆಯುತ್ತಿದ್ದೇನೆ ಎಂದೆ. ಮ್ಯಾನೇಜರು, ಗುರುವಾರ ಬದಲಾಗುವುದಿಲ್ಲ ಮ್ಯಾಡಮ್ ಎಂದರು. ಬದಲಾಯಿಸಿ ಎಂದು ನಾನು ಕೇಳಲೂ ಇಲ್ಲ.

ಅಂಗಡಿಗೆ ಬೀಗ ಹಾಕಿ, ಅದೇ ದಿನ ಮಧ್ಯಾಹ್ನ ಕೋಪರಿಯ ಖಾಡಿ ದಂಡೆಗೆ ಹೋದೆ. ನೀರು ದಂಡೆಯ ಕಲ್ಲಿನವರೆಗೆ ತುಂಬಿ ನಿಂತಿತ್ತು. ಕೆಸರೂ ಇಲ್ಲ, ಏಡಿಯೂ ಇಲ್ಲ. ಟ್ರೇನಿನ ಟೈಮ್‌ಟೇಬಲ್ ಬಾಯಿಪಾಠ ಇರುವವಳಿಗೆ ನೀರಿಗೂ ಒಂದು ಟೈಮ್‌ಟೇಬಲ್ ಇರುತ್ತದೆಂದು ಹೊಳೆದಿರಲಿಲ್ಲ. ಪೆಚ್ಚಾಗಿ ನಿಂತಿದ್ದಾಗ, ಅದೇ ಜುಟ್ಟಿನ ಹುಡುಗಿ ಅಜ್ಜಿಯ ಕೈ ಹಿಡಿದು ರೇಷನ್ ಅಂಗಡಿಯಿಂದ ಬರುತ್ತಿದ್ದಳು. ನನ್ನನ್ನು ತೋರಿಸಿ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಬೆಂದ ಏಡಿಯ ಆಂಟಿ ಎಂದೇ ಹೇಳಿರಬೇಕು, ಯಾಕೆಂದರೆ ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಅಜ್ಜಿ ಮಲ್ಪೆಯವರು. ಮಗ ಕ್ಯಾಟರಿಂಗ್ ಕೆಲಸಕ್ಕೆ ಬಂದಾಗ ಅವನ ಜೊತೆ ಬಂದು, ಖಾಡಿಯ ಹತ್ತಿರವೇ ಮನೆ ಬೇಕೆಂದು ಹಟ ಹಿಡಿದು ಕೋಪರಿಯಲ್ಲಿ ನೆಲೆಸಿದವರು. ನನ್ನನ್ನು ಡ್ರಾಯಿಂಗ್ ಟೀಚರು ಎಂದು ತಿಳಿದುಕೊಂಡರು. ನಾನು ತಿದ್ದಲಿಲ್ಲ. ಪೇಪರಿನಲ್ಲಿ ಭರತದ ಹೊತ್ತು ಹಾಕುತ್ತಾರೆ, ಅದಕ್ಕೆ ಆರು ಗಂಟೆ ಕೂಡಿಸಿದರೆ ಇಳಿತ, ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ ಎಂದು ಲೆಕ್ಕ ಹೇಳಿಕೊಟ್ಟರು. ನಾಳೆ ಏಳೂವರೆಗೆ ಬನ್ನಿ ಎಂದರು. ನಾನು ಏಡಿ ತಿನ್ನುವವಳಲ್ಲ ಎಂದು ತಿಳಿದಾಗ, ಹಾಗಾದರೆ ಅದಕ್ಕೆ ನಿಮ್ಮ ಹೆದರಿಕೆ ಇಲ್ಲ, ನಿಮಗೇ ಅದರ ಹೆದರಿಕೆ ಎಂದು ಚುಡಾಯಿಸಿದರು.

ಮರುದಿನ ಏಳೂವರೆಗೆ ನೀರು ದೂರ ಸರಿದು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ತನಕ ಬೂದು ಕೆಸರು ಹಾಸಿಕೊಂಡಿತ್ತು. ವಾಸನೆಗೆ ಮೂಗು ಮುಚ್ಚಿಕೊಂಡೆ, ಆಮೇಲೆ ಪೆನ್ಸಿಲ್ ಹಿಡಿಯಲು ಕೈ ಬೇಕಾಯಿತು. ದಂಡೆಯ ಮೇಲೆ, ಬೆಳಕು ಚಿತ್ರದ ಮೇಲೆ ಬೀಳಲೆಂದು ಸೂರ್ಯನಿಗೆ ಬೆನ್ನು ಹಾಕಿ ನಿಂತು ಕಾದೆ. ಅರ್ಧ ಗಂಟೆಯಾದರೂ ಏನೂ ಕಾಣಲಿಲ್ಲ, ಕೆಸರಿನ ತುಂಬ ತೂತುಗಳು ಮಾತ್ರ. ಅಜ್ಜಿ ಮೊಮ್ಮಗಳೊಡನೆ ಬಂದವರು ನನ್ನ ನಿಲುವು ನೋಡಿ ತಲೆ ಚಚ್ಚಿಕೊಂಡರು.

"ಟೀಚರೆ, ನಿಮ್ಮ ನೆರಳು ಅದರ ಮನೆ ಬಾಗಿಲ ಮೇಲೆ ಬಿದ್ದದೆ. ಹದ್ದು ಬಂತು ಅಂತ ಅದು ಒಳಗೆ ಕೂತದೆ. ಈಚೆ ಬನ್ನಿ, ಬಿಸಿಲು ಮುಖಕ್ಕೆ ಬೀಳ್ಲಿ, ನೆರಳು ಹಿಂದೆ ಹೋಗ್ಲಿ. ಮತ್ತೆ ಅಲುಗ್ಲಿಕ್ಕಿಲ್ಲ."

ಸಿಮೆಂಟಿನ ಖಾಲಿ ಚೀಲ ಹಾಸಿ, ಪೂರ್ವಕ್ಕೆ ಮುಖ ಮಾಡಿ ಮೂವರೂ ಕೂತೆವು. ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು. ಹತ್ತು ನಿಮಿಷ, ಹದಿನೈದು ನಿಮಿಷ. ಒಂದು ತೂತಿನ ಅಂಚಿನಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಏನೋ ಎದ್ದಿತು. ಕಣ್ಣು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಕೆಸರೇ ಎದ್ದು ನಿಂತ ಹಾಗೆ ಒಂದು ಪುಟ್ಟ ಏಡಿ, ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಕಾಲುಗಳ ಮೇಲೆ ಎದ್ದು ಹೊರಗೆ ಬಂತು. ಅದರ ಎರಡು ಕೊಂಡಿ ಸಮವಿರಲಿಲ್ಲ. ಒಂದು ಚಿಕ್ಕದು, ಕೆಸರನ್ನು ಬಾಯಿಗೆ ತುಂಬಿಕೊಳ್ಳಲು. ಇನ್ನೊಂದು ಮೈಯಷ್ಟೇ ದೊಡ್ಡದು, ಮಾಸಲು ಬಿಳಿ. ಆ ದೊಡ್ಡ ಕೊಂಡಿಯನ್ನು ಅದು ಎತ್ತಿತು, ಇಳಿಸಿತು, ಮತ್ತೆ ಎತ್ತಿತು, ಮೂಲೆಯ ಟೇಬಲ್ಲಿನ ಗಿರಾಕಿ ವೇಟರನ್ನು ಕರೆಯುವ ಹಾಗೆ. ನಾನು ಉಸಿರು ಬಿಗಿಹಿಡಿದೆ. ಅದರ ಆಚೆ ಇನ್ನೊಂದು ಕರೆಯಿತು, ಈಚೆ ಮತ್ತೊಂದು. ಕಣ್ಣು ಪಳಗಿದಂತೆ ಇಡೀ ಕೆಸರಿನಲ್ಲಿ ನೂರಾರು ಕೈಗಳು ಏಳುತ್ತಾ ಇಳಿಯುತ್ತಾ ಇದ್ದವು. ನಾನು ಇಷ್ಟು ವರ್ಷ ಟ್ರೇನಿನಿಂದ ಕೊಳೆ ಕೆಸರೆಂದು ನೋಡಿಕೊಂಡು ಹೋಗುತ್ತಿದ್ದ ಜಾಗ ಅದು. ನನ್ನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದು ಅಜ್ಜಿಗೆ ಹೇಳಿದೆ.

ಸಂತೋಷ ತಡೆಯಲಾರದೆ ಚಿತ್ರದ ಹಲಗೆ ಎತ್ತಿಕೊಳ್ಳಲು ಕೈ ಮುಂದೆ ಚಾಚಿದೆ. ಒಂದೇ ಕ್ಷಣ, ಕೆಸರು ಖಾಲಿ. ಒಂದು ಏಡಿಯೂ ಇಲ್ಲ. ಜುಟ್ಟಿನ ಹುಡುಗಿ ದೊಡ್ಡವರಂತೆ ನಿಟ್ಟುಸಿರು ಬಿಟ್ಟು, ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಮತ್ತೆ ಕಾಯಲು ಕೂತಳು. ಆ ಖಾಲಿ ಕೆಸರನ್ನು ನೋಡುತ್ತಾ ನನ್ನ ಪುಸ್ತಕ ಅಲ್ಲಿಯೇ ಸಿಕ್ಕಿತು. ಗೆಳೆಯರನ್ನು ಹುಡುಕುವ ಕಥೆ ಬೇಡ, ಮಾತಾಡುವ ಬೆಳ್ಳಕ್ಕಿಯೂ ಬೇಡ. ನೀರು ಇಳಿಯುತ್ತದೆ. ಒಂದು ಕಣ್ಣು. ಎರಡು ಕಣ್ಣು. ಏಡಿ ಬರುತ್ತದೆ, ಕರೆಯುತ್ತದೆ, ಎಲ್ಲರೂ ಬರುತ್ತಾರೆ. ಒಂದು ನೆರಳು ಬೀಳುತ್ತದೆ. ಯಾರೂ ಇಲ್ಲ. ಕಾಯಬೇಕು. ಮತ್ತೆ ಒಂದು ಕಣ್ಣು. ಅಷ್ಟೇ ಪುಸ್ತಕ.

ನಾಲ್ಕು ದಿನ ಬೆಳಿಗ್ಗೆ ಹೋದೆ, ಏಳೂವರೆ, ಎಂಟೂ ಕಾಲು, ಒಂಬತ್ತು, ಒಂಬತ್ತೂ ಮುಕ್ಕಾಲು. ಗಿರಾಕಿಗಳು ಅಂಗಡಿಯ ಬಾಗಿಲು ತಟ್ಟಿ ಹಿಂದಿರುಗಿದರು. ಮುಖ ಬಿಸಿಲಿಗೆ ಕಪ್ಪಾಯಿತು. ಸ್ಕೆಚ್ಚುಗಳನ್ನೆಲ್ಲ ಕೆಸರಿಗೆ ಸಮನಾದ ಎತ್ತರದಿಂದಲೇ ಬರೆದೆ, ಹೊಟ್ಟೆಯ ಮೇಲೆ ಮಲಗಿ ಕೂಡ. ನಲವತ್ತರ ಹೆಂಗಸು ಖಾಡಿ ದಂಡೆಯಲ್ಲಿ ಚೀಲದ ಮೇಲೆ ಅಡ್ಡಬಿದ್ದಿರುವುದನ್ನು ಕೋಪರಿಯ ಜನ ನೋಡಿ ಹೋದರು, ಯಾರೂ ಏನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನದಿಂದ ಮಂಗಳವಾರದವರೆಗೆ ಚಿತ್ರ. ಹನ್ನೊಂದು ಜೋಡಿಪುಟಗಳನ್ನು ಒಂದೊಂದಾಗಿ ಬರೆದರೆ ಪ್ರತಿ ಪುಟದ ಕೆಸರೂ ಬೇರೆ ಬಣ್ಣಕ್ಕೆ ಹೋಗುತ್ತದೆ, ಸಮಯವೂ ಇಲ್ಲ. ಹಾಗಾಗಿ ದೊಡ್ಡ ಹಾಳೆಗಳನ್ನು ನೀರಿನಲ್ಲಿ ನೆನೆಸಿ ಸಾಲಾಗಿ ನೆಲಕ್ಕೆ ಹಾಸಿ, ನೀಲಿಗೆ ಕಂದು ಬೆರೆಸಿದ ಒಂದೇ ಬಕೆಟ್ಟಿನ ಬಣ್ಣದಲ್ಲಿ ಎಲ್ಲ ಪುಟಗಳ ಕೆಸರನ್ನೂ ಒಂದೇ ಬಾರಿಗೆ ಬಳಿದೆ. ಏಡಿಗಳನ್ನು ಬೇರೆ ಚೂರು ಕಾಗದಗಳಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕೆಸರಿನ ಮೇಲೆ ಕೂರಿಸಿದೆ. ಇದು ಮಾತ್ರ ಮೆನು ಕಾರ್ಡು ಕಲಿಸಿದ ವಿದ್ಯೆ, ಇಡ್ಲಿಯನ್ನು ಬಾಳೆಲೆಯ ಮೇಲೆ ಕೂರಿಸುವ ಹಾಗೆ. ಕೆಂಪು ಏರಿಸಲು ಹೊರಟ ಬೆರಳನ್ನು ಎರಡು ಸಲ ಹಿಡಿದು ನಿಲ್ಲಿಸಿದೆ.

ಎಂಟನೆಯ ಜೋಡಿಪುಟದಲ್ಲಿ ಬರೀ ಕೆಸರು, ತೂತುಗಳು. ಅಕ್ಷರವೂ ಇಲ್ಲ. ಹೋಟೆಲ್ ಮಾಲೀಕರು ಪ್ರೂಫು ನೋಡಿ, ಇಷ್ಟು ಜಾಗ ಯಾಕೆ ಹಾಳು, ಒಂದು ಬೆಳ್ಳಕ್ಕಿಯನ್ನಾದರೂ ಕೂರಿಸಿ ಎಂದರು. ಒಂದಿಂಚು ಖಾಲಿ ಬಿಟ್ಟರೆ ಅಲ್ಲಿ ಲಸ್ಸಿ ಸೇರಿಸುತ್ತಿದ್ದವಳು ನಾನು. ಆ ಪುಟವನ್ನು ಮುಟ್ಟುವುದಿಲ್ಲ ಎಂದೆ. ಅವರು ಟೀಚರ ಕಡೆ ನೋಡಿದರು. ಟೀಚರು, "ಇರಲಿ ಬಿಡ್ರೀ. ಕಾಯೋದು ಕಲೀಲಿ ಹುಡುಗರು" ಎಂದರು.

ಗುರುವಾರ ತುರ್ಭೆಯ ಪ್ರೆಸ್ಸಿಗೆ ಹೋಗುವಾಗ ಮೊದಲ ಮಳೆ ಬಿತ್ತು. ಕಾಗದ ತೇವ ಹೀರಿಕೊಂಡು ಹಿಗ್ಗಿತ್ತು. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಲಿಲ್ಲ, ಪ್ರತಿ ಏಡಿಗೂ ಎರಡೆರಡು ಅಂಚು. ಫ್ಯಾನ್ ಹಚ್ಚಿ ಕಾಗದ ಒಣಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಮತ್ತೆ ಮಶಿನ್ ಶುರುವಾಗಿ ಮೊದಲ ಹಾಳೆಗಳು ಹೊರಬಂದವು. ನಮ್ಮ ಕಾಗದ ಒಣಗುವ ಹೊತ್ತಿನಲ್ಲಿ ಅದೇ ಮಶಿನ್ನಿನಲ್ಲಿ ಲಗ್ನಪತ್ರಿಕೆ ಓಡಿತ್ತು. ಕೆಂಪು ಶಾಯಿ ಜೋರಾಗಿ ಬೀಳುತ್ತಿತ್ತು. ಬೂದು ಕೆಸರು ಕೆಂಪು ಮಣ್ಣಾಗಿತ್ತು, ನನ್ನ ಏಡಿಗಳು ಮತ್ತೆ ಬೇಯಲು ಹೊರಟಿದ್ದವು.

ಮಶಿನ್ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಅಲಿಬಾಗ್ ಕಡೆಯ ಮರಾಠಿಯವರು. ಕೆಂಪು ಇಳಿಸಿ ಎಂದು ಹಿಂದಿಯಲ್ಲಿ ಹೇಳಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದರು. "ಮ್ಯಾಡಮ್, ಲಾಲ್ ಕಮ್ ಕರೇಗಾ ತೋ ಮರಾ ಹುವಾ ದಿಖೇಗಾ." ಕೆಂಪು ಕಡಿಮೆಯಾದರೆ ಚಿತ್ರ ಸತ್ತಂತೆ ಕಾಣುತ್ತದೆ ಎಂದು ಅವರ ವಾದ. ಇಷ್ಟು ವರ್ಷ ನನ್ನ ವಾದವೂ ಅದೇ ಆಗಿತ್ತು.

"ಲಾಲ್ ರಹೇಗಾ ತೋಚ್ ಮರಾ ಹುವಾ ಹೈ ಕಾಕಾ. ಯೇ ಖೇಕ್ಡಾ ಹೈ," ಎಂದೆ. ಕೆಂಪು ಉಳಿದರೇನೇ ಇದು ಸತ್ತದ್ದು, ಇದು ಏಡಿ ಎಂದು.

ಅವರು ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಅಲಿಬಾಗಿನವರಿಗೆ ಏಡಿಯ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಖ ಇಷ್ಟಗಲವಾಯಿತು. ಮಶಿನ್ ನಿಲ್ಲಿಸಿ, ಕೆಂಪು ಶಾಯಿಯ ರೋಲರನ್ನು ತೊಳೆಸಿ, ಶಾಯಿಯ ಹರಿವನ್ನು ಹಿಡಿದಿಡುವ ಒಂದೊಂದು ಕೀಲಿಯನ್ನೂ ಬೆರಳ ತುದಿಯಲ್ಲಿ ತಿರುಗಿಸುತ್ತಾ, ಹಾಳೆ ತೆಗೆದು ನೋಡುತ್ತಾ, ಇದು ಇನ್ನೂ ಅರ್ಧ ಬೆಂದಿದೆ, ಇದು ಕಾಲು ಬೆಂದಿದೆ ಎಂದು ತಾವೇ ಹೇಳಿಕೊಳ್ಳುತ್ತಾ ಪಕ್ಕಕ್ಕೆ ಹಾಕಿದರು. ಕೊನೆಗೆ ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು, ಇದು ಓಡಿ ಹೋಗುವ ಮೊದಲು ಸಹಿ ಮಾಡಿ ಎಂದರು. ಬೂದು ಕೆಸರಿನಲ್ಲಿ ಬೂದು ಏಡಿ, ಎತ್ತಿದ ಬಿಳಿ ಕೊಂಡಿ. ಸಹಿ ಮಾಡಿಕೊಟ್ಟೆ.

ಬೆನ್ನುಪುಟದ ಹಾಳೆ ಬಂದಾಗ ನೋಡಿದೆ, ಮೂಲೆಯಲ್ಲಿ ಹಸಿರು ಚುಕ್ಕಿ. ಈ ಸಲ ಮರೆತು ಉಳಿದದ್ದಲ್ಲ, ನಾನೇ ಬಿಟ್ಟದ್ದು. ಈ ಪುಸ್ತಕದಲ್ಲಿ ಯಾರನ್ನೂ ಬೇಯಿಸಿಲ್ಲ.

ಶಾಲೆ ತೆರೆದ ದಿನ ಧಾರಾಕಾರ ಮಳೆ, ಕೋಪರಿಯಲ್ಲಿ ಕರೆಂಟೂ ಇರಲಿಲ್ಲ. ಟೀಚರು ಮಕ್ಕಳನ್ನು ಬಾಗಿಲ ಬೆಳಕಿಗೆ ಬೆನ್ನು ಮಾಡಿಸಿ ಕೂರಿಸಿ, ಒಬ್ಬೊಬ್ಬರ ಮಡಿಲಿಗೂ ಒಂದೊಂದು ಪುಸ್ತಕ ಕೊಟ್ಟರು. ನಾನು ಜುಟ್ಟಿನ ಹುಡುಗಿಯ ಹಿಂದೆ ಮಂಡಿಯೂರಿ ಕೂತೆ. ಅವಳು ಮುಖಪುಟವನ್ನು ಅನುಮಾನದಿಂದಲೇ ನೋಡಿದಳು. ಒಂದು ಕಣ್ಣಿನ ಪುಟ ಬಂತು, ಅವಳು ಬಗ್ಗಿದಳು. ಎರಡು ಕಣ್ಣಿನ ಪುಟ. ಏಡಿ ಹೊರಬಂದು ಕರೆಯುವ ಪುಟದಲ್ಲಿ ಅವಳ ಬಲಗೈ ತನ್ನಷ್ಟಕ್ಕೆ ಮೇಲೆದ್ದು ಇಳಿಯಿತು. ನೆರಳು ಬಿತ್ತು. ಬರೀ ಕೆಸರಿನ ಪುಟ. ನಾನು ಹೆದರಿದ್ದು ಅದಕ್ಕೇ. ಮಕ್ಕಳು ಖಾಲಿ ಪುಟವನ್ನು ಸರ್ರನೆ ತಿರುವಿಬಿಡುತ್ತಾರೆ. ಅವಳು ತಿರುವಲಿಲ್ಲ. ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಕಾದಳು. ಪಕ್ಕದ ಮಗು ಅವಳನ್ನು ನೋಡಿ ತಾನೂ ಕಾಯಿತು.

ಬಹಳ ಹೊತ್ತಾದ ಮೇಲೆ ಅವಳು ಪುಟ ತಿರುವಿದಳು. ತೂತಿನ ಅಂಚಿನಲ್ಲಿ ಮತ್ತೆ ಒಂದು ಕಣ್ಣು. ಅದನ್ನು ಅವಳು ಹೇಗೆ ನೋಡುತ್ತಾಳೋ ಎಂದು ತಡೆಯಲಾರದೆ ನಾನು ಮುಂದಕ್ಕೆ ಬಾಗಿದೆ. ಬಾಗಿಲಿನ ಬೆಳಕಿಗೆ ನನ್ನ ತಲೆ ಅಡ್ಡ ಬಂತು, ನೆರಳು ಪುಟದ ಮೇಲೆ ಬಿತ್ತು. ಅವಳು ಪು‌ಸ್ತಕದಿಂದ ಕಣ್ಣು ತೆಗೆಯದೆ, ಒಂದು ಕೈಯಿಂದ ನನ್ನ ಗಲ್ಲವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಪಿಸುಗುಟ್ಟಿದಳು.

"ಹಟೋ ನಾ ಆಂಟಿ. ವೋ ಅಂದರ್ ಚಲಾ ಜಾಯೇಗಾ."

ಅದು ಒಳಗೆ ಹೋಗಿಬಿಡುತ್ತದೆ. ನಾನು ಉಸಿರು ಬಿಗಿಹಿಡಿದು, ನೆರಳನ್ನು ಎತ್ತಿಕೊಂಡು ಹಿಂದಕ್ಕೆ ಸರಿದೆ.